ಅಪ್‌ಡೇಟ್: ರಿವ್ಯೂ ಕಾಪಿ ತಡವಾಗಿ ಸಿಗುವ ಬಗ್ಗೆ

ನಮ್ಮ ಸಣ್ಣ ಗೇಮಿಂಗ್ ಸೈಟ್‌ಗೆ ರಿವ್ಯೂ ಕೀ (ರಿವ್ಯೂ ಬರೆಯಲು ಗೇಮ್ ಪಡೆಯುವ ಕೋಡ್) ಯಾವಾಗಲೂ ಬಿಡುಗಡೆಯ ದಿನವೋ, ಅದರ ನಂತರವೋ ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ಗೇಮ್‌ಗಳ ಪ್ರಚಾರ ನೋಡಿಕೊಳ್ಳುವ ಪಿಆರ್ ಏಜೆನ್ಸಿಗೆ ನೇರವಾಗಿ ಬರೆದೆ. ಮೊದಲ ಸುತ್ತಿನಲ್ಲಿ ಕೀಗಳು ಕಡಿಮೆ ಇರುತ್ತವಂತೆ. ಅವು ಓದುಗರು ಜಾಸ್ತಿ ಇರುವವರಿಗೆ, ಮೆಟಾಕ್ರಿಟಿಕ್‌ನಲ್ಲಿ (ಹಲವರ ರಿವ್ಯೂ ಸ್ಕೋರ್ ಸೇರಿಸಿ ಸರಾಸರಿ ತೋರಿಸುವ ಸೈಟ್) ಸ್ಕೋರ್ ಲೆಕ್ಕಕ್ಕೆ ಬರುವವರಿಗೆ ಹೋಗುತ್ತವಂತೆ. ಕಾರಣ ಅರ್ಥವಾಯಿತು, ಆದರೂ ಬೇಸರವೇ. ಎಂಬಾರ್ಗೊ (ಇಂಥ ಹೊತ್ತಿನವರೆಗೆ ರಿವ್ಯೂ ಹಾಕಬಾರದು ಎಂಬ ಷರತ್ತು) ಮುಗಿದ ಕೂಡಲೇ ಜನ ರಿವ್ಯೂ ಹುಡುಕುತ್ತಾರೆ. ಆಗ ನಾವಿನ್ನೂ ಗೇಮ್ ಡೌನ್‌ಲೋಡ್ ಮಾಡುತ್ತಿರುತ್ತೇವೆ!

ಇದು ಸಣ್ಣವರ ಕಷ್ಟ ಮಾತ್ರ ಅಲ್ಲ. 2016ರಲ್ಲಿ ದೊಡ್ಡ ಗೇಮ್ ಪಬ್ಲಿಷರ್ ಬೆಥೆಸ್ಡಾ, ರಿವ್ಯೂ ಕಾಪಿಗಳನ್ನು ಬಿಡುಗಡೆಗೆ ಒಂದು ದಿನ ಮೊದಲಷ್ಟೇ ಕೊಡುತ್ತೇವೆ ಎಂದು ಹೇಳಿತ್ತು. 2020ರಲ್ಲಿ ಸೈಬರ್‌ಪಂಕ್ 2077 ಗೇಮ್‌ನ ಮೊದಲ ರಿವ್ಯೂಗಳೆಲ್ಲ ಪಿಸಿ ಆವೃತ್ತಿಯವು. ಹಳೆಯ ಕನ್ಸೋಲ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡುತ್ತದೆ ಎಂದು ತುಂಬಾ ಜನರಿಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ. ಪೆಟ್ಟು ಬೀಳುವುದು ಕೊಳ್ಳುವವರಿಗೇ ಅಲ್ವಾ?

ಈಗ ಮೊದಲ ದಿನದ ಓಟ ಬಿಟ್ಟಿದ್ದೇವೆ. ಡೇ ಒನ್ ಪ್ಯಾಚ್ (ಬಿಡುಗಡೆಯ ದಿನ ಬರುವ, ದೋಷ ಸರಿಪಡಿಸುವ ಅಪ್‌ಡೇಟ್) ಹಾಕಿಕೊಂಡು, ಪೂರ್ತಿ ಆಡಿ ಬರೆಯುತ್ತೇವೆ. ಮಲ್ಟಿಪ್ಲೇಯರ್ ಆದರೆ ಸರ್ವರ್‌ನಲ್ಲಿ ಆಟಗಾರರು ತುಂಬಿದ ಮೇಲೆ. ಕೀ ಯಾವಾಗ ಬಂತು, ಯಾವ ವರ್ಷನ್ ಆಡಿದೆವು ಎಂಬುದನ್ನೂ ರಿವ್ಯೂನಲ್ಲೇ ಹಾಕುತ್ತೇವೆ. ನಿಜವಾದ ಖುಷಿ ಸಿಕ್ಕಿದ್ದು ಇಂಡಿ ಡೆವಲಪರ್‌ಗಳಿಂದ (ದೊಡ್ಡ ಪಬ್ಲಿಷರ್ ಇಲ್ಲದೆ ಸ್ವತಂತ್ರವಾಗಿ ಗೇಮ್ ಮಾಡುವವರು). ನೇರವಾಗಿ ಕೇಳಿದರೆ ಕೆಲವರು ಬಿಡುಗಡೆಗೆ ಎಷ್ಟೋ ಮೊದಲೇ ಕೀ ಕಳಿಸುತ್ತಾರೆ, ನಮ್ಮ ಪ್ರಶ್ನೆಗಳಿಗೂ ಉತ್ತರಿಸುತ್ತಾರೆ.

ದೊಡ್ಡ ಪಬ್ಲಿಷರ್‌ಗಳ ಮೊದಲ ಪಟ್ಟಿಗೆ ಇನ್ನೂ ಸೇರಿಲ್ಲ. ಹಳೆಯ ರಿವ್ಯೂಗಳ ಲಿಂಕ್ ಸೇರಿಸಿ ಮೇಲ್ ಹಾಕುತ್ತಲೇ ಇದ್ದೇವೆ.