ಮಣಿ ಮೊದಲೋ, ಪೆನ್ಸಿಲ್ ಮೊದಲೋ? ನಮ್ಮ ‘ಬೇಲೂರು ಮನೆ’ ಗುಂಪಿನ ಚರ್ಚೆ

ಅತ್ತಿಗೆ (ಹಾಸನ): ಮಣಿ ಪೋಣಿಸುವ ಆಟದ ಬಗ್ಗೆ ಗುಂಪಿನಲ್ಲಿ ಹಾಕಿರುವ ಬರಹವನ್ನು ದಯವಿಟ್ಟು ಎಲ್ಲರೂ ಪೂರ್ತಿ ಓದಬೇಕು. ಮೂರರಿಂದ ಐದು ವರ್ಷದ ಮಕ್ಕಳ ಕೈಗೆ ಪೆನ್ಸಿಲ್ ಕೊಡುವ ಮೊದಲು, ಎರಡು ಕೆಂಪು ಮಣಿ, ಒಂದು ಬಿಳಿ ಮಣಿ, ಮತ್ತೆ ಎರಡು ಕೆಂಪು, ಒಂದು ಬಿಳಿ ಎಂಬ ಕ್ರಮದಲ್ಲಿ ಪೋಣಿಸುವ ಆಟ ಕೊಡಿ ಎಂದು ಅದರಲ್ಲಿದೆ. ನಮ್ಮ ಪುಟ್ಟಿಗೆ ಈಗ ನಾಲ್ಕು ವರ್ಷ. ಶಾಲೆಯಿಂದ ದಿನಕ್ಕೆ ಎರಡು ಪುಟ ಬರವಣಿಗೆ ಬರುತ್ತದೆ. ಅರ್ಧ ಪುಟ ಮುಗಿಯುವಷ್ಟರಲ್ಲಿ ಕೈ ನೋವೆಂದು ಅಳುತ್ತಾಳೆ.

ದೊಡ್ಡಪ್ಪ (ಬೇಲೂರು): ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನಾಗಿ ನಾನು ಇದನ್ನು ಒಪ್ಪುವುದಿಲ್ಲಮ್ಮ. ನಾವೆಲ್ಲ ಮರಳಿನ ಮೇಲೆ ತಿದ್ದಿ ತಿದ್ದಿ ಕಲಿತವರು. ಕೈಗೆ ಬರವಣಿಗೆ ಒಗ್ಗುವುದು ಬರೆದರೆ ಮಾತ್ರ. ಮಣಿ ಪೋಣಿಸಿದವರಿಗೆ ಮಣಿ ಪೋಣಿಸಲು ಬರುತ್ತದೆ, ಅಕ್ಷರ ಬರುವುದಿಲ್ಲ. ಅಲ್ಲದೆ, ಆ ಬರಹದ ಕೊನೆಯಲ್ಲಿ ಮಣಿಪೆಟ್ಟಿಗೆ ಮಾರುವವರ ಫೋನ್ ನಂಬರ್ ಇರುವುದನ್ನು ಯಾರೂ ಗಮನಿಸಿದಂತಿಲ್ಲ.

ಚಿಕ್ಕಮ್ಮ (ಸಕಲೇಶಪುರ): ಭಾವನವರೇ, ಮರಳಿನ ಮೇಲೆ ನೀವು ತಿದ್ದಿದ್ದು ಬೆರಳಿನಿಂದ, ಪೆನ್ಸಿಲಿನಿಂದಲ್ಲ. ನಿಮ್ಮ ಮಾತೇ ನನ್ನ ಪಕ್ಷಕ್ಕೆ ಸಾಕ್ಷಿ. ಅಂಗನವಾಡಿಯಲ್ಲಿ ನಮಗೆ ಇದನ್ನು ಸೂಕ್ಷ್ಮ ಸ್ನಾಯುಗಳ ಬೆಳವಣಿಗೆ ಎಂದು ಹೇಳಿಕೊಡುತ್ತಿದ್ದರು. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವು ಇನ್ನೂ ಮೆದು ಎಲುಬಾಗಿದ್ದು, ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಆ ಕಾರಣಕ್ಕೇ ನಾಲ್ಕು ವರ್ಷದ ಮಗುವಿನಿಂದ ಬರೆಸಬಾರದು.

ತಂಗಿ (ಚಿಕ್ಕಮಗಳೂರು): ಚಿಕ್ಕಮ್ಮ, ಮೂಳೆಗಳ ವಿಷಯ ನಿಜ, ಆದರೆ ಅದರಿಂದ ನೀವು ತೆಗೆದ ತೀರ್ಮಾನ ಸರಿಯಲ್ಲ. ಫಿಸಿಯೋಥೆರಪಿ ಓದಿದವಳಾಗಿ ಹೇಳುತ್ತೇನೆ, ಮೆದು ಎಲುಬು ಎಕ್ಸ್‌ರೇಯಲ್ಲಿ ಮೂಳೆಯಂತೆ ಕಾಣಿಸುವುದಿಲ್ಲ, ಆದರೆ ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಕೈ ಕೆಲಸಕ್ಕೆ ಬಾರದು ಎಂದಲ್ಲ. ಅದೇ ಕೈಯಿಂದ ಪುಟ್ಟಿ ಮರ ಹತ್ತುತ್ತಾಳೆ. ನೋಡಬೇಕಾದದ್ದು ಬೇರೆ. ಹೆಬ್ಬೆರಳು ಮಿಕ್ಕ ಬೆರಳುಗಳ ತುದಿಯನ್ನು ಸಲೀಸಾಗಿ ಮುಟ್ಟುತ್ತದೆಯೇ, ಕಿರುಬೆರಳೂ ಉಂಗುರದ ಬೆರಳೂ ಮಡಚಿಕೊಂಡಿರುವಾಗ ಉಳಿದ ಮೂರು ಮಾತ್ರ ಚಲಿಸುತ್ತವೆಯೇ, ಒಂದು ಕೈ ದಾರ ಹಿಡಿದಿರುವಾಗ ಇನ್ನೊಂದು ಕೈ ಬೇರೆ ಕೆಲಸ ಮಾಡಬಲ್ಲದೇ ಎಂಬುದು ಮುಖ್ಯ. ಸಾಮಾನ್ಯವಾಗಿ ಮಕ್ಕಳು ಮೂರರ ಹೊತ್ತಿಗೆ ವೃತ್ತವನ್ನೂ, ನಾಲ್ಕರ ಹೊತ್ತಿಗೆ ಕೂಡಿಸುವ ಚಿಹ್ನೆಯನ್ನೂ, ಐದರ ಸುಮಾರಿಗೆ ಚೌಕವನ್ನೂ ತ್ರಿಕೋನವನ್ನೂ ನೋಡಿ ಬರೆಯುತ್ತಾರೆ. ಚೌಕವೇ ಬಾರದ ಕೈಯಿಂದ ‘ಕ್ಷ’ ಬರೆಸುವುದೇ ಕಷ್ಟದ ಮೂಲ.

ಅಣ್ಣ (ಹಾಸನ): ಕೈಗೆ ವ್ಯಾಯಾಮ ಬೇಕಿದ್ದರೆ ಅಮ್ಮನ ಜೊತೆ ಕೂತು ನೆನೆಸಿದ ಅವರೆಕಾಳು ಹಿತಕಲಿ. ಹೆಬ್ಬೆರಳಿಗೂ ತೋರುಬೆರಳಿಗೂ ಅದಕ್ಕಿಂತ ಒಳ್ಳೆಯ ಕಸರತ್ತು ಯಾವುದಿದೆ? ಸಂಜೆಗೆ ಸಾರೂ ಆಗುತ್ತದೆ. ಎರಡು ಕೆಂಪು, ಒಂದು ಬಿಳಿ ಎಂಬ ಕ್ರಮದ ಗೋಜು ಯಾಕೆ ಎಂಬುದು ನನಗೆ ಅರ್ಥವಾಗಲಿಲ್ಲ.

ಚಿಕ್ಕಮ್ಮ: ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಕಾಳು ಹಿತಕುವ ಮಗು ಕಾಳನ್ನು ನೋಡದೆಯೂ ಹಿತಕುತ್ತದೆ. ಐದು ನಿಮಿಷಕ್ಕೆ ಬೇಸರವೂ ಆಗುತ್ತದೆ. ಕ್ರಮವಿದ್ದರೆ ಪ್ರತಿ ಸಲವೂ ಕೈ ಒಂದು ಕ್ಷಣ ತಡೆದು ನಿಲ್ಲಬೇಕು, ಕಣ್ಣು ಹಿಂದಿನ ಮಣಿಗಳನ್ನು ನೋಡಬೇಕು, ಮುಂದಿನದು ಯಾವುದೆಂದು ಮನಸ್ಸು ನಿರ್ಧರಿಸಬೇಕು, ಆಮೇಲೆ ಬೆರಳು ಆ ಒಂದನ್ನೇ ಆರಿಸಿ ಎತ್ತಬೇಕು. ಕ್ರಮ ತಪ್ಪಿತೆನ್ನಿ, ಪೋಣಿಸಿದ್ದನ್ನು ಬಿಚ್ಚಿ ಮತ್ತೆ ಪೋಣಿಸಬೇಕಾಗುತ್ತದೆ. ಬಿಚ್ಚುವುದು ಪೋಣಿಸುವುದಕ್ಕಿಂತ ಸೂಕ್ಷ್ಮವಾದ ಕೆಲಸ, ಮತ್ತು ಯಾರೂ ಹೇಳದೆ ಮಗು ತಾನೇ ಮಾಡುವ ಕೆಲಸ. ನಾನು ಕಂಡಂತೆ, ಕೆಂಪು, ಬಿಳಿ, ಕೆಂಪು, ಬಿಳಿ ಎಂಬುದು ಬಹುಬೇಗ ಬರುತ್ತದೆ. ಎರಡು ಕೆಂಪು, ಒಂದು ಬಿಳಿ ಎಂದೊಡನೆ ಎಷ್ಟೋ ಮಕ್ಕಳು ಜಾರಿ ಮತ್ತೆ ಒಂದು ಕೆಂಪು, ಒಂದು ಬಿಳಿಗೇ ಮರಳುತ್ತಾರೆ. ಮಾದರಿಯನ್ನು ಕಣ್ಣೆದುರಿಟ್ಟುಕೊಂಡು ಒಂದೊಂದಾಗಿ ಹೋಲಿಸಿ ಮಾಡಿದರೆ ಕ್ರಮ ಗೊತ್ತಾಯಿತೆಂದು ನಂಬಬೇಡಿ. ಮಾದರಿಯನ್ನು ಮುಚ್ಚಿ, ‘ಇದನ್ನೇ ಈಗ ಎಲೆ ಮತ್ತು ಕಲ್ಲಿನಲ್ಲಿ ಮಾಡು’ ಎನ್ನಿ. ಎರಡು ಎಲೆ, ಒಂದು ಕಲ್ಲು ಎಂದು ಇಟ್ಟರೆ ಆಗ ತಿಳಿದಂತೆ.

ನಾನು (ಬೇಲೂರು): ಇದು ಹೊಸದಾಗಿ ಹುಟ್ಟಿದ ಫ್ಯಾಷನ್ ಅಲ್ಲ, ದೊಡ್ಡಪ್ಪ. ಜರ್ಮನಿಯ ಬ್ಲಾಂಕನ್‌ಬರ್ಗ್‌ನಲ್ಲಿ 1837ರಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದ ಫ್ರೋಬೆಲ್ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ಗಟ್ಟಿ, ಜೋಡಿಸುವ ಬಿಲ್ಲೆಗಳನ್ನು. ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಆರಂಭಿಸಿದ ಶಾಲೆಯಲ್ಲೂ ಕೈಗೆ ಮೊದಲು ಬಂದದ್ದು ವಸ್ತುಗಳೇ. ನಮ್ಮ ದೇವಸ್ಥಾನದ ಬುಡದಲ್ಲಿರುವ ಆನೆಗಳ ಸಾಲನ್ನು ಪುಟ್ಟಿಗೆ ಉದಾಹರಣೆಯಾಗಿ ತೋರಿಸಬಹುದೆಂದು ಮೊದಲು ಅನ್ನಿಸಿತ್ತು. ಯೋಚಿಸಿದರೆ ಅದು ಬರೀ ಆನೆಯ ನಂತರ ಆನೆ. ಹಳೇಬೀಡಿನಲ್ಲಿ ಆನೆಯ ಪಟ್ಟಿಯ ಮೇಲೆ ಸಿಂಹದ ಪಟ್ಟಿ, ಅದರ ಮೇಲೆ ಬಳ್ಳಿ ಇರುವುದನ್ನು ತೋರಿಸುವುದೇ ಲೇಸು.

ದೊಡ್ಡಪ್ಪ: ಶಿಲ್ಪ ಹಾಗಿರಲಿ. ಸರ್ಕಾರಿ ಶಾಲೆಗಳ ಚಟುವಟಿಕೆಯ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಿ ಅ, ಆ, ಇ, ಈ ಬಿಟ್ಟು ‘ರಗಸದಅ’ ಎಂದು ಶುರು ಮಾಡಿದಾಗ ನಾನೇ ಮೊದಲು ಗೊಣಗಿದವನು. ಆಮೇಲೆ ಒಪ್ಪಿಕೊಂಡೆ, ಏಕೆಂದರೆ ‘ರ’ದ ಸುತ್ತು ಕೈಗೆ ಬಂದರೆ ‘ಗ’ ಸುಲಭ, ಆಕಾರಗಳು ಒಂದರಿಂದೊಂದು ಬೆಳೆಯುತ್ತವೆ. ಆದರೆ ಅಲ್ಲಿಯೂ ಮಕ್ಕಳು ಕೊನೆಗೆ ಬರೆದರು, ಮಣಿಯಲ್ಲೇ ನಿಲ್ಲಲಿಲ್ಲ.

ಚಿಕ್ಕಮ್ಮ: ನಲಿ-ಕಲಿ ಒಂದನೆಯ ತರಗತಿಯ ಮಾತು, ಭಾವನವರೇ. ಪುಟ್ಟಿಗೆ ಇನ್ನೂ ಎರಡು ವರ್ಷವಿದೆ. ಅಷ್ಟಕ್ಕೂ ಒಂದೇ ಸುತ್ತು ಅಕ್ಷರದಿಂದ ಅಕ್ಷರಕ್ಕೆ ಮರಳಿ ಬರುವುದನ್ನು ಗುರುತಿಸುವ ಕಣ್ಣು ಇಂಥ ಆಟದಲ್ಲೇ ತಯಾರಾಗುತ್ತದೆ ಎಂದು ನನ್ನ ನಂಬಿಕೆ.

ದೊಡ್ಡಪ್ಪ: ಆಗಲಿ, ವಾರಕ್ಕೆರಡು ದಿನ ಆಡಲಿ. ಅದಕ್ಕೆ ಪೆಟ್ಟಿಗೆ ಕೊಳ್ಳುವುದು ಬೇಡ. ಅಳಿಗುಳಿ ಮಣೆಯ ಜೊತೆಗಿದ್ದ ಗುಲಗಂಜಿಯ ಡಬ್ಬಿ ನನ್ನ ಬಳಿ ಇದೆ. ಕೆಂಪು, ಕಪ್ಪು, ನೋಡಲೂ ಚೆಂದ. ಸೂಜಿಯಿಂದ ತೂತು ಮಾಡಿ ಕಳುಹಿಸುತ್ತೇನೆ.

ತಂಗಿ: ದಯವಿಟ್ಟು ಬೇಡ, ದೊಡ್ಡಪ್ಪ. ಗುಲಗಂಜಿಯೊಳಗೆ ಅಬ್ರಿನ್ ಎಂಬ ತೀವ್ರವಾದ ವಿಷವಿದೆ. ಗಟ್ಟಿ ಸಿಪ್ಪೆ ಇರುವವರೆಗೆ ಅದು ಒಳಗೇ ಉಳಿಯಬಹುದು. ತೂತು ಮಾಡಿದರೆ ಅಥವಾ ಮಗು ಕಚ್ಚಿದರೆ ಪ್ರಾಣಕ್ಕೇ ಅಪಾಯ. ತೂತು ಕೊರೆಯುವ ನಿಮಗೂ ಅದು ಒಳ್ಳೆಯದಲ್ಲ. ಇನ್ನೊಂದು ಮಾತು, ಅತ್ತಿಗೆಯ ಮನೆಯಲ್ಲಿ ಎರಡು ವರ್ಷದ ಚಿಕ್ಕವನೂ ಇದ್ದಾನೆ. ಆಟಿಕೆಗಳ ಸುರಕ್ಷತೆ ಪರೀಕ್ಷಿಸಲು ಬಳಸುವ 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ತಿ ಹಿಡಿಸುವ ಯಾವ ವಸ್ತುವೂ ಮೂರು ವರ್ಷದೊಳಗಿನವರ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಕ್ಕನ ಮಣಿಗಳನ್ನು ತಮ್ಮ ಮಲಗಿದ ಮೇಲಷ್ಟೇ ಹೊರತೆಗೆಯಿರಿ. ಪೆಟ್ಟಿಗೆ ಕೊಳ್ಳಲೇಬೇಕೆಂದಿದ್ದರೆ ಐಎಸ್ಐ ಗುರುತು ನೋಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಅತ್ತಿಗೆ: ಹಾಗಾದರೆ ಮಣಿಗೆ ಬದಲು ಏನು ಕೊಡಲಿ, ಚಿಕ್ಕತ್ತೆ?

ಚಿಕ್ಕಮ್ಮ: ಸೂಜಿ ಬೇಡ. ಪಾರಿಜಾತದ ತೊಟ್ಟು ಕೊಳವೆಯಂತಿರುತ್ತದೆ. ತೆಂಗಿನ ಗರಿಯ ಕಡ್ಡಿಯ ಚೂಪು ತುದಿಯನ್ನು ಮೊಂಡು ಮಾಡಿ ಕೊಟ್ಟರೆ ಅದರಲ್ಲೇ ಪೋಣಿಸಬಹುದು. ಎರಡು ಪಾರಿಜಾತ, ಒಂದು ಕನಕಾಂಬರ. ಹೂವು ಮೆತ್ತಗಿರುವುದರಿಂದ ಜೋರಾಗಿ ಹಿಡಿದರೆ ನಲುಗುತ್ತದೆ, ಹೀಗಾಗಿ ಬೆರಳಿನ ಹಿಡಿತ ಎಷ್ಟಿರಬೇಕೆಂದು ಮಗು ತಾನೇ ಕಲಿಯುತ್ತದೆ. ಪ್ಲಾಸ್ಟಿಕ್ ಮಣಿ ಅದನ್ನು ಕಲಿಸಲಾರದು. ಹೂವಿಲ್ಲದ ದಿನ ಬಟ್ಟೆ ಒಣಹಾಕುವ ಎರಡು ಬಣ್ಣದ ಕ್ಲಿಪ್‌ಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಸಿಕ್ಕಿಸಲಿ. ಆದರೆ ನೀನು ಪಕ್ಕದಲ್ಲಿ ಕೂತು ‘ಈಗ ಬಿಳಿ, ಈಗ ಕೆಂಪು’ ಎಂದು ಹೇಳಿಕೊಡಬೇಡ. ಹೇಳಿದರೆ ಯೋಚಿಸುವುದು ನೀನು, ಪೋಣಿಸುವುದು ಮಾತ್ರ ಅವಳು.

ಅಣ್ಣ: ನಾಳೆ ಶಾಲೆಗೆ ಹೋಗಿ ಎರಡು ಪುಟವನ್ನು ಅರ್ಧ ಪುಟಕ್ಕೆ ಇಳಿಸಲು ಕೇಳುತ್ತೇನೆ. ಒಪ್ಪುತ್ತಾರೋ ಇಲ್ಲವೋ ನೋಡೋಣ.

ದೊಡ್ಡಪ್ಪ: ಬರವಣಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಗುಲಗಂಜಿ ಡಬ್ಬಿಯನ್ನು ಅಟ್ಟದ ಮೇಲಿಟ್ಟು ಬೀಗ ಹಾಕಿದ್ದೇನೆ. ಭಾನುವಾರ ಪುಟ್ಟಿಯನ್ನು ಕರೆತನ್ನಿ; ಹಿತ್ತಲಿನ ಪಾರಿಜಾತ ಬಿಸಿಲೇರಿದರೆ ಬಾಡುತ್ತದೆ, ಏಳು ಗಂಟೆಯೊಳಗೆ ಬೇಲೂರಿನಲ್ಲಿರಿ.