ಮೋಟರ್‌ಹೋಮ್‌ಗೆ ಯಾವ ಆನಿಂಗ್ ಸರಿ? ಬಳಸಿದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸುಮಾರು ಆರು ಮೀಟರ್ ಉದ್ದದ ಹಳೆಯ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ವಾಸಿಸುವ ಗಾಡಿ, ಕೊಂಡಿದ್ದೇವೆ. ನಾವಿಬ್ಬರು, ಒಂದು ಮಗು, ಒಂದು ನಾಯಿ. ಗಾಡಿಯ ಪಕ್ಕಕ್ಕೆ ನೆರಳಿಗೆ ಚಾಚುವ ಬಟ್ಟೆಯ ಚಪ್ಪರ, ಅಂದರೆ ಆನಿಂಗ್, ಇಲ್ಲ. ಪೆಟ್ಟಿಗೆಯಿಂದ ಹೊರಗೆ ಬಿಚ್ಚುವ ಆನಿಂಗ್ ಹಾಕಿಸಬೇಕಾ, ಪಕ್ಕಕ್ಕೆ ಕಟ್ಟುವ ಟೆಂಟ್ ಕೊಳ್ಳಬೇಕಾ ಅಂತ ತಿಳಿಯುತ್ತಿಲ್ಲ. ಅಂಗಡಿಯವರು ಇದ್ದದ್ದರಲ್ಲಿ ದೊಡ್ಡದನ್ನೇ ತೋರಿಸುತ್ತಾರೆ. ಗಾಳಿ ಮಳೆಗೆ ತಡೆಯುತ್ತಾ? ನಿಮ್ಮ ಅನುಭವ ದಯವಿಟ್ಟು ಹೇಳಿ.

ಉತ್ತರ

ದೊಡ್ಡದಾ ಚಿಕ್ಕದಾ ಅನ್ನುವುದು ಆಮೇಲಿನ ಮಾತು. ನೀವು ಒಂದು ಜಾಗದಲ್ಲಿ ಎಷ್ಟು ದಿನ ನಿಲ್ಲುವವರು, ಅದನ್ನು ಮೊದಲು ಯೋಚಿಸಿ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಅನ್ನುವವರಾದರೆ ಪೆಟ್ಟಿಗೆ ಆನಿಂಗೇ ಸರಿ. ಕೆಲವೇ ನಿಮಿಷದಲ್ಲಿ ಬಿಚ್ಚಬಹುದು, ಅಷ್ಟೇ ಬೇಗ ಸುತ್ತಬಹುದು. ಒಂದೇ ಕಡೆ ವಾರಗಟ್ಟಲೆ ಬಿಡಾರ ಹೂಡುವವರಾದರೆ ಟೆಂಟಿಗೆ ಪಡುವ ಶ್ರಮಕ್ಕೆ ಬೆಲೆ ಸಿಗುತ್ತದೆ. ಇನ್ನೊಂದನ್ನೂ ಕೇಳಿಕೊಳ್ಳಿ. ನಡುರಾತ್ರಿ ಗಾಳಿ ಎದ್ದರೆ ಒಬ್ಬರೇ ಹೊರಗೆ ಬಂದು ಇದನ್ನು ಒಳಗೆ ಸೇರಿಸಬಲ್ಲಿರಾ? ಮಗು ಮಲಗಿರುತ್ತದೆ, ಇನ್ನೊಬ್ಬರು ಅದರ ಹತ್ತಿರ ಇರಬೇಕಾಗುತ್ತದೆ. ಒಬ್ಬರ ಕೈಲಿ ಆಗದಷ್ಟು ದೊಡ್ಡ ಆನಿಂಗ್ ಬೇಡ ಅಂತಲೇ ನಾನು ಹೇಳುವುದು.

ಪೆಟ್ಟಿಗೆ ಆನಿಂಗ್‌ನಲ್ಲಿ ಗೋಡೆಗೆ ಕೂರುವವು ಬೇರೆ, ಛಾವಣಿ ಮೇಲೆ ಕೂರುವವು ಬೇರೆ. ಫಿಯಾಮಾ ಕಂಪನಿಯ ಎಫ್45, ಥೂಲೆ ಕಂಪನಿಯ 5200 ಗೋಡೆಯವು. ಫಿಯಾಮಾ ಎಫ್80, ಥೂಲೆ 6300 ಛಾವಣಿಯವು. ಯಾವುದು ಅನ್ನುವುದನ್ನು ನಮ್ಮ ಇಷ್ಟಕ್ಕಿಂತ ಗಾಡಿಯ ಆಕಾರವೇ ತೀರ್ಮಾನಿಸುತ್ತದೆ. ಗೋಡೆ ನೇರವಾಗಿದ್ದು, ಬಾಗಿಲ ಮೇಲೆ ಪೆಟ್ಟಿಗೆ ಕೂರುವಷ್ಟು ಜಾಗ ಇದ್ದರೆ ಗೋಡೆಯದ್ದು ಆಗುತ್ತದೆ. ಗೋಡೆ ಬಾಗಿದ್ದರೆ ಅಥವಾ ಬಾಗಿಲು ಛಾವಣಿಯ ಅಂಚಿನ ತನಕ ಇದ್ದರೆ ಛಾವಣಿಯದ್ದನ್ನೇ ನೋಡಬೇಕು. ಎರಡಕ್ಕೂ ನಿಮ್ಮ ಗಾಡಿಯ ಮಾದರಿಗೆ ಹೊಂದುವ ಬ್ರಾಕೆಟ್ ಬೇಕು. ಆನಿಂಗ್‌ನ ಬೆಲೆ ಕೇಳುವಾಗ ಬ್ರಾಕೆಟ್ಟಿನ ಬೆಲೆಯನ್ನೂ ಸೇರಿಸಿ ಕೇಳಿ, ಅದು ಹಲವು ಸಲ ಬೇರೆಯೇ ಇರುತ್ತದೆ.

ಹಳೆಯ ಗಾಡಿ ಅಂದಿದ್ದೀರಿ. ಹಾಗಾಗಿ ಹಾಕಿಸುವ ಮೊದಲು ಗೋಡೆಯೊಳಗೆ ತೇವ ಇದೆಯಾ ಅಂತ ಮೀಟರ್ ಹಿಡಿಸಿ ನೋಡಿ. ಇಂಥ ಗಾಡಿಗಳ ಗೋಡೆ ಬಹುಮಟ್ಟಿಗೆ ಹೊರಗೆ ತೆಳು ಹಾಳೆ, ನಡುವೆ ಫೋಮ್, ಒಳಗೆ ಪ್ಲೈವುಡ್. ಬರೀ ಸ್ಕ್ರೂ ಅದರಲ್ಲಿ ಹಿಡಿತ ಕಾಣುವುದಿಲ್ಲ. ಬೋಲ್ಟ್ ಈ ಕಡೆಯಿಂದ ಆ ಕಡೆಗೆ ಹೋಗಿ, ಒಳಗಡೆ ಲೋಹದ ಪಟ್ಟಿ ಕೊಟ್ಟು ಬಿಗಿಯಬೇಕು. ಪ್ರತಿ ತೂತಿಗೂ ಸೀಲಂಟ್ ತುಂಬಬೇಕು. ಈ ಕೆಲಸ ಮಾತ್ರ ಬಲ್ಲವರಿಂದ ಮಾಡಿಸಿ. ಒಂದೇ ತೂತಿನಿಂದ ನೀರು ಇಳಿದರೂ ಒಳಗಿನ ಮರ ಕೊಳೆತು ಮೆತ್ತಗಾಗುವ ತನಕ ಹೊರಗೆ ಏನೂ ಕಾಣುವುದಿಲ್ಲ.

ಉದ್ದದ ವಿಷಯಕ್ಕೆ ಬಂದರೆ, ಆರು ಮೀಟರ್ ಗಾಡಿಗೆ 3ರಿಂದ 3.5 ಮೀಟರ್ ಸಾಕು. ಹೊರಗೆ ಚಾಚುವುದು ಹೆಚ್ಚಿನವುಗಳಲ್ಲಿ 2.5 ಮೀಟರ್ ಆಸುಪಾಸು. ತೂಕ 20ರಿಂದ 30 ಕೆಜಿ ಆಗಬಹುದು. ಅದೂ ಗಾಡಿಯ ಒಂದೇ ಪಕ್ಕಕ್ಕೆ, ಎತ್ತರದಲ್ಲಿ. ನಿಮ್ಮ ಗಾಡಿಗೆ ಒಟ್ಟು ಎಷ್ಟು ತೂಕ ಹೇರಬಹುದು, ಈಗ ಎಷ್ಟು ಆಗಿದೆ ಅಂತ ಲಾರಿ ತೂಗುವ ವೇಬ್ರಿಜ್ ಮೇಲೆ ನಿಲ್ಲಿಸಿ ನೋಡಿ. ನೀರಿನ ಟ್ಯಾಂಕ್ ತುಂಬಿಸಿ, ನಾಯಿಯನ್ನೂ ಹತ್ತಿಸಿಕೊಂಡು ತೂಗಿಸಿ. ಆಗಲೇ ನಿಜವಾದ ಲೆಕ್ಕ ಸಿಗುವುದು.

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಅಳೆಯಿರಿ. ಬಾಗಿಲು ಪೂರ್ತಿ ತೆರೆದು, ಕಿಟಕಿಗಳನ್ನೂ ಎತ್ತಿ ನಿಲ್ಲಿಸಿ ನೋಡಿ. ಬಟ್ಟೆಯ ಮುಂಭಾಗ ಇಳಿಸಿದಾಗ ಬಾಗಿಲಿನ ಮೇಲಿನ ಮೂಲೆ ಬಟ್ಟೆಗೆ ಉಜ್ಜುತ್ತದೆ. ದಿನಾ ಹತ್ತಾರು ಸಲ ಬಾಗಿಲು ತೆಗೆದು ಹಾಕುವಾಗ ಅಲ್ಲೇ ಬಟ್ಟೆ ಸವೆದು ಹರಿಯುತ್ತದೆ. ಇದಕ್ಕೆ ಬಾಗಿಲ ಮೂಲೆಗೆ ಹಾಕುವ ಚಿಕ್ಕ ರೋಲರ್ ಸಿಗುತ್ತದೆ. ಸಣ್ಣ ವಸ್ತು, ಆದರೆ ಮೊದಲ ದಿನವೇ ಹಾಕಿಸಿಬಿಡಿ.

ಬಿಚ್ಚುವ ರೀತಿ ಹೀಗೆ. ಹ್ಯಾಂಡಲ್‌ನ ಕೊಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಒಂದು ಮೀಟರ್‌ನಷ್ಟು ಮಾತ್ರ ಹೊರಗೆ ಬಿಡಿ. ಅಲ್ಲಿ ನಿಲ್ಲಿಸಿ. ಮುಂದಿನ ಅಡ್ಡಪಟ್ಟಿಯ ಒಳಗೆ ಮಡಚಿ ಕೂತಿರುವ ಎರಡೂ ಕಾಲುಗಳನ್ನು ಇಳಿಸಿ ನೆಲಕ್ಕೆ ಊರಿ. ಆಮೇಲೆ ಉಳಿದದ್ದನ್ನು ಬಿಚ್ಚುತ್ತಾ ಕಾಲುಗಳನ್ನು ಮುಂದಕ್ಕೆ ಸರಿಸಿಕೊಂಡು ಹೋಗಿ. ಕಾಲು ಊರದೆ ಪೂರ್ತಿ ಚಾಚಿದರೆ ಇಡೀ ಭಾರ ಮಡಚುವ ತೋಳುಗಳ ಮೇಲೆ ಬೀಳುತ್ತದೆ. ಕೊನೆಗೆ ಹ್ಯಾಂಡಲ್ ಒಂದು ಸುತ್ತು ವಾಪಸ್ ತಿರುಗಿಸಿದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ. ನಡುವೆ ಜೋಲು ಬಿದ್ದರೆ ಪೆಟ್ಟಿಗೆಗೂ ಮುಂದಿನ ಪಟ್ಟಿಗೂ ನಡುವೆ ಒಂದು ಕೋಲು ಕೊಡುತ್ತಾರೆ, ಅದನ್ನು ಹಾಕಿ. ಕಂಪನಿಯವರು ಬೇರೆ ಮಾರುವ ಸಾಮಾನುಗಳಲ್ಲಿ ನಾನು ಕಣ್ಣು ಮುಚ್ಚಿ ಕೊಳ್ಳಿ ಅನ್ನುವುದು ಆ ಕೋಲನ್ನೇ.

ಮಳೆ ಬಗ್ಗೆ ಕೇಳಿದ್ದೀರಿ. ನಮ್ಮ ಮನೆಯ ತಾರಸಿಗೆ ವಾಟ ಕೊಡುತ್ತಾರಲ್ಲ, ಇದಕ್ಕೂ ಹಾಗೇ ವಾಟ ಕೊಡಬೇಕು. ಮುಂದಿನ ಒಂದು ಕಾಲನ್ನು ಇನ್ನೊಂದಕ್ಕಿಂತ ಚೆನ್ನಾಗಿ ತಗ್ಗಿಸಿ, ನೀರು ಆ ಮೂಲೆಯಿಂದ ಹರಿದುಹೋಗಲಿ. ಕಣ್ಣಿಗೆ ಸೊಟ್ಟ ಕಾಣುತ್ತದೆ, ಪರವಾಗಿಲ್ಲ. ಒಂದು ಲೆಕ್ಕ ನೋಡಿ. 3.5 ಮೀಟರ್ ಉದ್ದ, 2.5 ಮೀಟರ್ ಅಗಲದ ಬಟ್ಟೆ ಅಂದರೆ 8.75 ಚದರ ಮೀಟರ್. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದು ಹರಿಯದೆ ನಿಂತರೆ 87 ಲೀಟರಿಗೂ ಜಾಸ್ತಿ ನೀರು. ಅಂದರೆ 87 ಕೆಜಿಗೂ ಮೇಲೆ. ಒಂದು ಆಳಿನ ಭಾರವನ್ನು ತೆಳು ತೋಳುಗಳು ಹೇಗೆ ತಾನೇ ತಡೆಯಬೇಕು? ಬಟ್ಟೆಯಲ್ಲಿ ನೀರಿನ ಹೊಟ್ಟೆ ಕಂಡ ಕೂಡಲೇ ಕೆಳಗಿನಿಂದ ಪೊರಕೆಯ ಮೆತ್ತಗಿನ ತುದಿಯಿಂದ ಎತ್ತಿ ನೀರು ಚೆಲ್ಲಿ. ಜೋರು ಮಳೆ ಬರುವ ಲಕ್ಷಣ ಇದ್ದರೆ ಸುತ್ತಿಬಿಡಿ.

ಗಾಳಿ ಮಳೆಗಿಂತ ಕೆಟ್ಟದ್ದು. ಗಾಳಿ ಮುಂದಿನಿಂದ ನುಗ್ಗಿ ಬಟ್ಟೆಯ ಕೆಳಗೆ ಸೇರಿಕೊಂಡರೆ ಇಡೀ ಆನಿಂಗನ್ನು ಮೇಲಕ್ಕೆತ್ತಿ ಛಾವಣಿಯ ಆ ಕಡೆಗೆ ಮಗುಚಿ ಹಾಕುತ್ತದೆ. ಪಕ್ಕದಲ್ಲೇ ನಿಂತಿದ್ದ ಗಾಡಿಯೊಂದಕ್ಕೆ ಹೀಗಾದದ್ದನ್ನು ನೋಡಿದ್ದೇನೆ. ತೋಳು ಮುರಿದದ್ದಲ್ಲದೆ ಛಾವಣಿಯ ಕಿಟಕಿಯೂ ಒಡೆದಿತ್ತು. ಅದಕ್ಕೇ ಗಾಡಿ ನಿಲ್ಲಿಸುವಾಗಲೇ ಗಾಳಿ ಎತ್ತಲಿಂದ ಬೀಸುತ್ತಿದೆ ನೋಡಿ, ಆನಿಂಗ್ ಇರುವ ಪಕ್ಕ ಗಾಳಿಗೆ ಮರೆಯಾಗುವಂತೆ ನಿಲ್ಲಿಸಿ. ಬಿಚ್ಚಿದ ಮೇಲೆ ಮುಂದಿನ ಎರಡೂ ಮೂಲೆಗೆ ಬೆಲ್ಟ್ ಕಟ್ಟಿ ಗೂಟ ಹೊಡೆಯಿರಿ. ಬೆಲ್ಟಿಗೂ ಗೂಟಕ್ಕೂ ನಡುವೆ ಸ್ಪ್ರಿಂಗ್ ಇರಲಿ. ಒಳಗೆ ಜನ ಓಡಾಡಿದರೆ ಗಾಡಿ ಅಲುಗಾಡುತ್ತದೆ, ಸ್ಪ್ರಿಂಗ್ ಇಲ್ಲದಿದ್ದರೆ ಆ ಜಗ್ಗಾಟವೆಲ್ಲ ಬಟ್ಟೆಯ ಹೊಲಿಗೆಗೆ ಬೀಳುತ್ತದೆ. ಬೆಲ್ಟ್ ಇದೆ ಅಂತ ಧೈರ್ಯ ಮಾಡಬೇಡಿ. ಗಾಳಿ ಗಂಟೆಗೆ 30 ಕಿಲೋಮೀಟರ್ ದಾಟುತ್ತದೆ ಅಂತ ಮುನ್ಸೂಚನೆ ಇದ್ದರೆ ನಾವು ಬಿಚ್ಚುವುದೇ ಇಲ್ಲ. ಗಾಡಿ ಬಿಟ್ಟು ಸುತ್ತಾಡಲು ಹೋಗುವಾಗ, ರಾತ್ರಿ ಮಲಗುವಾಗ ಸುತ್ತಿಟ್ಟೇ ಹೋಗುತ್ತೇವೆ. ಮೋಟರ್ ಇರುವ ಕೆಲವು ಆನಿಂಗ್‌ಗಳಲ್ಲಿ ಗಾಳಿ ಗುರುತಿಸಿ ತಾನೇ ಮುಚ್ಚಿಕೊಳ್ಳುವ ಸೆನ್ಸರ್ ಬರುತ್ತದೆ. ಕಾಲು ಊರಿ ಗೂಟಕ್ಕೆ ಕಟ್ಟಿದ್ದರೆ ಅದು ಮುಚ್ಚಿಕೊಳ್ಳುವುದು ಹೇಗೆ? ಅದನ್ನು ನಂಬಿ ದೂರ ಹೋಗಬೇಡಿ.

ಕೊನೆಗೆ ಗಾತ್ರದ ಮಾತು. ಬೆಳಗ್ಗೆ, ಸಂಜೆ ಬಿಸಿಲು ಓರೆಯಾಗಿ ಬರುತ್ತದೆ. ತಲೆ ಮೇಲಿನ ಬಟ್ಟೆ ಎಷ್ಟು ಉದ್ದ ಇದ್ದರೂ ಆ ಬಿಸಿಲು ಒಳಗೆ ಬಂದೇ ಬರುತ್ತದೆ. ದೊಡ್ಡ ಆನಿಂಗ್‌ಗೆ ಕೊಡುವ ಹೆಚ್ಚಿನ ಹಣದಲ್ಲಿ ಚಿಕ್ಕದು ತೆಗೆದುಕೊಂಡು, ಮುಂದೆ ಇಳಿಬಿಡುವ ಜಾಲರಿ ಪರದೆ ಕೊಳ್ಳಿ. ಆನಿಂಗ್‌ನ ಮುಂದಿನ ಪಟ್ಟಿಯಲ್ಲಿರುವ ಸೀಳಿನೊಳಗೆ ಅದರ ಅಂಚನ್ನು ತೂರಿಸಿ ಎಳೆದರೆ ಆಯಿತು. ಮಗು ಆಟ ಆಡಲು, ನಾಯಿ ಮಲಗಲು ನಿಜವಾದ ನೆರಳು ಸಿಗುವುದು ಅದರಿಂದ.

ಇನ್ನೊಂದು ಉತ್ತರ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಮಗು ಇರುವವರಿಗೆ ಟೆಂಟ್ ಬೇಡ ಅಂತ ತೀರ್ಮಾನಿಸಬೇಡಿ. ನಮಗೆ ಇಬ್ಬರು ಮಕ್ಕಳು, ನಾವು ಟೆಂಟಿನವರೇ. ಕೆಸರು ಕಾಲು, ಒದ್ದೆ ಬಟ್ಟೆ, ಆಟದ ಸಾಮಾನು, ಸೈಕಲ್ ಎಲ್ಲ ಅಲ್ಲೇ ಉಳಿಯುತ್ತದೆ. ಗಾಡಿಯ ಒಳಗೆ ಉಸಿರಾಡಲು ಜಾಗ ಸಿಗುತ್ತದೆ. ಗಾಡಿಯಿಂದ ಬಿಡಿಸಿ ಟೆಂಟನ್ನು ಅಲ್ಲೇ ಬಿಟ್ಟು ಸುತ್ತಾಡಲು ಹೋಗಬಹುದು ಅನ್ನುವುದು ದೊಡ್ಡ ಅನುಕೂಲ. ಹೋಗುವ ಮುಂಚೆ ಚಕ್ರದ ಪಕ್ಕ ನೆಲದಲ್ಲಿ ಒಂದು ಗುರುತು ಇಡಿ. ವಾಪಸ್ ಬಂದಾಗ ಸರಿಯಾಗಿ ಅದೇ ಜಾಗಕ್ಕೆ ನಿಲ್ಲಿಸದಿದ್ದರೆ ಜೋಡಿಸುವ ಬಟ್ಟೆ ಸುಕ್ಕಾಗಿ ಅಲ್ಲೇ ಸೋರುತ್ತದೆ.

ಕೊಳ್ಳುವಾಗ ಎರಡು ಅಳತೆ ಮುಖ್ಯ. ಒಂದು, ನೆಲದಿಂದ ಟೆಂಟ್ ಸಿಕ್ಕಿಸುವ ರೈಲಿನ, ಅಂದರೆ ಗಾಡಿಯ ಪಕ್ಕದಲ್ಲಿರುವ ಸೀಳುಪಟ್ಟಿಯ, ತನಕ ಎತ್ತರ. 180ರಿಂದ 210 ಸೆಂಟಿಮೀಟರ್, 210ರಿಂದ 240, 240ರ ಮೇಲೆ ಹೀಗೆ ಹೆಚ್ಚುಕಡಿಮೆ ಮೂರು ಗುಂಪಾಗಿ ಮಾರುತ್ತಾರೆ. ಮೋಟರ್‌ಹೋಮ್‌ಗೆ ಸಾಮಾನ್ಯವಾಗಿ ಎತ್ತರದ್ದೇ ಬೇಕು. ಸಮತಟ್ಟು ಮಾಡಲು ಚಕ್ರದ ಕೆಳಗೆ ಬ್ಲಾಕ್ ಇಡುತ್ತೀರಲ್ಲ, ಅದರಿಂದ ಬರುವ ಎತ್ತರವನ್ನೂ ಸೇರಿಸಿ. ಎರಡು, ಟೆಂಟಿನ ಅಂಚಿಗೆ ಹೊಲಿದಿರುವ ಗುಂಡನೆಯ ಬಳ್ಳಿ. ಕೇಡರ್ ಅನ್ನುತ್ತಾರೆ. ಅದು 4 ಮಿಲಿಮೀಟರ್ ಇರಬಹುದು, 6 ಇರಬಹುದು. ನಿಮ್ಮ ರೈಲಿಗೆ ಸೇರದಿದ್ದರೆ ಎರಡೂ ಅಂಚಿಗೆ ಇಂಥ ಬಳ್ಳಿ ಇರುವ ಜೋಡಣೆ ಪಟ್ಟಿ ಸಿಗುತ್ತದೆ, ಒಂದು ಕಡೆ 4, ಇನ್ನೊಂದು ಕಡೆ 6. ಪೆಟ್ಟಿಗೆ ಆನಿಂಗ್ ಇರುವ ಗಾಡಿಗೂ ಹೀಗೆ ಟೆಂಟ್ ಸೇರಿಸಬಹುದು. ಹಾಗಾಗಿ ಇವತ್ತು ಒಂದು, ಮುಂದೆ ಇನ್ನೊಂದು ಅಂತ ಮಾಡಿದರೂ ತಪ್ಪಿಲ್ಲ.

ಗಾಳಿ ತುಂಬುವ ಕಂಬದ್ದು ತಗೊಂಡರೆ ನಿಲ್ಲಿಸುವುದು ಸುಲಭ. ಎಷ್ಟು ಒತ್ತಡ ಅಂತ ವಾಲ್ವ್ ಹತ್ತಿರ ಅಥವಾ ಪುಸ್ತಕದಲ್ಲಿ ಬರೆದಿರುತ್ತಾರೆ. ನಡುಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಸ್ವಲ್ಪ ಬಿಡಿ. ರಾತ್ರಿ ತಂಪಿಗೆ ಕಂಬ ಮೆತ್ತಗಾದರೆ ತೂತಾಯಿತು ಅಂತ ಗಾಬರಿ ಬೇಡ, ಮತ್ತೆ ತುಂಬಿ.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಗಾಡಿಯ ಹೀಟರ್ ಹೊಗೆ ಎಲ್ಲಿಂದ ಹೊರಗೆ ಬರುತ್ತದೆ ಅಂತ ಮೊದಲು ಹುಡುಕಿ. ಅದು ಟೆಂಟ್ ಕಟ್ಟುವ ಪಕ್ಕದಲ್ಲೇ ಇದ್ದರೆ, ಸುತ್ತ ಮುಚ್ಚಿದ ಟೆಂಟಿನ ಒಳಗೆ ಆ ಹೊಗೆಯೆಲ್ಲ ತುಂಬಿಕೊಳ್ಳುತ್ತದೆ. ಗ್ಯಾಸ್ ಫ್ರಿಜ್ಜಿನ ಹೊಗೆಕಿಂಡಿಗೂ ಇದೇ ಮಾತು. ಇದ್ದಿಲ ಒಲೆಯನ್ನು, ಆರಿತು ಅಂತ ಕಂಡರೂ, ಟೆಂಟಿನೊಳಗೆ ತರಲೇಬೇಡಿ. ಬೂದಿ ಮುಚ್ಚಿದ ಕೆಂಡವೂ ಗಂಟೆಗಟ್ಟಲೆ ಕಾರ್ಬನ್ ಮೋನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಗಾಡಿಯೊಳಗೆ ಒಂದು, ಟೆಂಟಿನಲ್ಲಿ ಯಾರಾದರೂ ಮಲಗುವುದಾದರೆ ಅಲ್ಲಿಯೂ ಒಂದು ಈ ಅನಿಲ ಗುರುತಿಸುವ ಅಲಾರಂ ಇಡಿ.

ಮತ್ತೊಬ್ಬರಿಂದ

ಮೊದಲ ವರ್ಷ ಏನೂ ಹಾಕಿಸದೆ ಇದ್ದು ನೋಡಿ ಅನ್ನುವುದು ನನ್ನ ಅನಿಸಿಕೆ. ರೈಲಿಗೆ ಸಿಕ್ಕಿಸುವ ಒಂದು ಸಾದಾ ಬಟ್ಟೆ, ಎರಡು ಕೋಲು, ನಾಲ್ಕು ಹಗ್ಗ ಸಾಕು. ಕೆಲವೇ ಕೆಜಿ ತೂಕ, ಗೋಡೆಗೆ ತೂತು ಕೊರೆಯಬೇಕಾಗಿಲ್ಲ. ನಾವು ಈಗಲೂ ಅದರಲ್ಲೇ ಇದ್ದೇವೆ. ಮಡಚಿದರೆ ಸೀಟಿನ ಕೆಳಗೆ ಹೋಗುತ್ತದೆ. ಇನ್ನೊಂದು ಮಾತು, ಬರೀ ಪಾರ್ಕಿಂಗ್‌ಗೆ ಬಿಡುವ ಎಷ್ಟೋ ಜಾಗಗಳಲ್ಲಿ ಆನಿಂಗ್ ಬಿಚ್ಚಲು, ಹೊರಗೆ ಕುರ್ಚಿ ಹಾಕಲು ಬಿಡುವುದಿಲ್ಲ. ನೀವು ಹೆಚ್ಚಾಗಿ ಅಂಥ ಕಡೆ ರಾತ್ರಿ ಕಳೆಯುವವರಾದರೆ ದುಬಾರಿ ಆನಿಂಗ್ ಸುಮ್ನೆ ಪೆಟ್ಟಿಗೆಯಲ್ಲೇ ಇರುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾವು ಎರಡು ಮೂರು ರಾತ್ರಿಗಿಂತ ಜಾಸ್ತಿ ಒಂದು ಕಡೆ ನಿಲ್ಲುವವರಲ್ಲ. ಹಾಗಾಗಿ 3 ಮೀಟರ್ ಪೆಟ್ಟಿಗೆ ಆನಿಂಗ್, ಮುಂದಿನ ಪರದೆ ಅಂತ ಮನಸ್ಸು ಮಾಡಿದ್ದೇವೆ. ಒಂದು ಅನುಮಾನ ಉಳಿದಿದೆ. ಬೆಳಗ್ಗೆ ಹೊರಡುವಾಗ ಬಟ್ಟೆ ಒದ್ದೆ ಇದ್ದರೆ ಏನು ಮಾಡುತ್ತೀರಿ? ಬಟ್ಟೆಯಲ್ಲಿ ಯಾವುದು ಒಳ್ಳೆಯದು?

ಮೊದಲ ಉತ್ತರದವರು

ಒದ್ದೆಯಲ್ಲೇ ಸುತ್ತಿಕೊಂಡು ಹೊರಡಿ, ಬೇರೆ ದಾರಿ ಇಲ್ಲ. ಆದರೆ ಅದೇ ದಿನ ಸಂಜೆ, ತಪ್ಪಿದರೆ ಮರುದಿನ, ಬಿಚ್ಚಿ ಪೂರ್ತಿ ಒಣಗಿಸಿ. ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಕಪ್ಪು ಚುಕ್ಕೆ ಒಮ್ಮೆ ಬಿದ್ದರೆ ಹೋಗುವುದು ಕಷ್ಟ. ಪೆಟ್ಟಿಗೆ ಆನಿಂಗ್‌ಗಳಲ್ಲಿ ಜಾಸ್ತಿ ಬರುವುದು ಪಿವಿಸಿ ಲೇಪದ ಬಟ್ಟೆ. ನೀರು ಒಳಗಿಳಿಯುವುದಿಲ್ಲ, ಒರೆಸಿದರೆ ಸಾಕು. ಅಕ್ರಿಲಿಕ್ ನೆಯ್ಗೆಯದ್ದು ಗಾಳಿ ಆಡಿಸುತ್ತದೆ, ಕೆಳಗೆ ಕೂತರೆ ಸೆಕೆ ಕಡಿಮೆ, ಆದರೆ ನೀರು ಕುಡಿಯುತ್ತದೆ, ಒಣಗಲು ಹೊತ್ತು ಬೇಕು. ನಿಮ್ಮ ಹಾಗೆ ಎರಡು ಮೂರು ದಿನಕ್ಕೆ ಜಾಗ ಬದಲಿಸುವವರಿಗೆ ಪಿವಿಸಿಯೇ ವಾಸಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಸ್ವಲ್ಪ ಮೆದು ಸೋಪು, ಮೆತ್ತನೆಯ ಬ್ರಷ್. ಬ್ಲೀಚ್ ಬೇಡ, ಜೋರಾಗಿ ನೀರು ಚಿಮ್ಮಿಸುವ ಮೆಷಿನ್ನೂ ಬೇಡ, ಎರಡೂ ಲೇಪವನ್ನು ಹಾಳು ಮಾಡುತ್ತವೆ. ಸುತ್ತುವ ಮುಂಚೆ ಮೇಲೆ ಬಿದ್ದಿರುವ ಎಲೆ, ಕಡ್ಡಿ ಗುಡಿಸಿಬಿಡಿ. ಒಂದು ಮುಳ್ಳು ಒಳಗೆ ಸೇರಿದರೆ ಸುತ್ತಿದ ಅಷ್ಟೂ ಪದರಕ್ಕೆ ತೂತು ಬೀಳುತ್ತದೆ. ತೋಳಿನ ಕೀಲುಗಳಿಗೆ ಎಣ್ಣೆ ಹಾಕಬೇಡಿ, ಧೂಳು ಹಿಡಿಯುತ್ತದೆ. ಸಿಲಿಕೋನ್ ಸ್ಪ್ರೇ ಹಾಕಿ.

ಗಾಡಿ ಸ್ಟಾರ್ಟ್ ಮಾಡುವ ಮೊದಲು ಆ ಪಕ್ಕಕ್ಕೆ ಹೋಗಿ ಪೆಟ್ಟಿಗೆ ಪೂರ್ತಿ ಮುಚ್ಚಿದೆಯಾ ಅಂತ ಎರಡೂ ತುದಿಯಲ್ಲಿ ಕೈಯಿಂದ ಒತ್ತಿ ನೋಡಿ. ಹ್ಯಾಂಡಲ್ ಕೊಕ್ಕೆಯಿಂದ ತೆಗೆದಿದ್ದೀರಾ, ಗೂಟಗಳೆಲ್ಲ ಎಣಿಸಿ ಚೀಲಕ್ಕೆ ಹಾಕಿದ್ದೀರಾ ನೋಡಿಕೊಳ್ಳಿ. ಹಾಕಿಸಿದ ಮೇಲೆ ಮೊದಲ ದೂರದ ಓಡಾಟ ಮುಗಿದ ಕೂಡಲೇ ಬ್ರಾಕೆಟ್ಟಿನ ಬೋಲ್ಟ್‌ಗಳನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಸಡಿಲ ಆಗಿರುವ ಸಾಧ್ಯತೆ ಇರುತ್ತದೆ.