ಸ್ಟಾರ್ಗಾರ್ಟ್ ಕಾಯಿಲೆ: ಮಗಳು ಓರೆಯಾಗಿ ನೋಡುವುದನ್ನು ತಿದ್ದಬೇಕೇ?

ಪ್ರಶ್ನೆ

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಸ್ಟಾರ್ಗಾರ್ಟ್ ಎಂಬ ಆನುವಂಶಿಕ ಕಣ್ಣಿನ ಕಾಯಿಲೆ ಇದೆಯೆಂದು ಕಳೆದ ತಿಂಗಳು ರೆಟಿನಾ ತಜ್ಞರು ತಿಳಿಸಿದರು. ಎರಡು ವರ್ಷಗಳಿಂದ ಕನ್ನಡಕದ ನಂಬರು ಬದಲಾಯಿಸುತ್ತಲೇ ಇದ್ದೆವು; ಆದರೂ ಹಲಗೆಯ ಮೇಲಿನ ಅಕ್ಷರಗಳು ಅವಳಿಗೆ ಕಾಣುತ್ತಿರಲಿಲ್ಲ. ಈಗ ಮಾತನಾಡಿಸಿದರೆ ಮುಖ ನೋಡದೆ ಕಿವಿಯಾಚೆಗೆ ದೃಷ್ಟಿ ಹಾಯಿಸುತ್ತಾಳೆ. ‘ನೆಟ್ಟಗೆ ನೋಡು’ ಎಂದು ನಾನು ಗದರಿಸಿದ್ದೂ ಉಂಟು. ಇದನ್ನು ತಿದ್ದಬೇಕೇ? ವಿಟಮಿನ್ ಎ ಮಾತ್ರೆ ಕೊಡಿ ಎಂದು ಬಂಧುಗಳು ಹೇಳುತ್ತಿದ್ದಾರೆ. ನನ್ನನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರಿಂದ ಹೀಗಾಯಿತೇ ಎಂಬ ಕೊರಗು ಬಿಡುತ್ತಿಲ್ಲ. ಏಳು ವರ್ಷದ ಮಗನ ಬಗ್ಗೆಯೂ ಭಯವಾಗುತ್ತದೆ.

ಉತ್ತರ 1

ದಯವಿಟ್ಟು ತಿದ್ದಬೇಡಿ, ಅಕ್ಕ. ಹದಿನಾರನೇ ವಯಸ್ಸಿನಿಂದ ನಾನೂ ಇದೇ ಕಾಯಿಲೆಯೊಂದಿಗೆ ಬದುಕುತ್ತಿದ್ದೇನೆ. ಅಕ್ಷಿಪಟಲದ ನಟ್ಟನಡುವಿನ ಮ್ಯಾಕುಲಾ ಹಾಳಾಗುವುದರಿಂದ, ನಾವು ಯಾವುದನ್ನು ದಿಟ್ಟಿಸುತ್ತೇವೆಯೋ ಅದೇ ಮಸುಕಾಗಿ, ಸುತ್ತಲಿನದು ಮಾತ್ರ ಕಣ್ಣಿಗೆ ಉಳಿಯುತ್ತದೆ. ಅವಳು ನಿಮ್ಮ ಕಿವಿಯಾಚೆಗೆ ನೋಡುವುದು ನಿಮ್ಮ ಮುಖ ಕಾಣಲೆಂದೇ. ಯಾರೂ ಕಲಿಸದೆ ಅವಳು ಕಂಡುಕೊಂಡ ಆ ಕೋನವನ್ನೇ ಲೋ ವಿಷನ್ (ಮಂದದೃಷ್ಟಿ ಇರುವವರಿಗೆ ಕೊಡುವ) ತರಬೇತಿಯಲ್ಲಿ ಇನ್ನಷ್ಟು ಪಳಗಿಸುತ್ತಾರೆ. ಗೆರೆಗಿಂತ ತುಸು ಮೇಲಕ್ಕೆ ನೋಡಿದರೆ ನನಗೆ ದಪ್ಪಕ್ಷರ ಓದಲಾಗುತ್ತದೆ. ಅವಳಿಗೆ ಒಗ್ಗುವ ದಿಕ್ಕು ಬೇರೆ ಇರಬಹುದು. ಶಿಕ್ಷಕರಿಗೂ ಈಗಲೇ ತಿಳಿಸಿ. ಎದುರು ಬಂದವರ ಗುರುತು ಸಿಗದೆ ಮುಂದೆ ನಡೆದುಹೋದದ್ದಕ್ಕೆ ‘ಸೊಕ್ಕಿನ ಹುಡುಗ’ ಎನಿಸಿಕೊಂಡದ್ದು ನನ್ನನ್ನು ಕಾಯಿಲೆಗಿಂತ ಹೆಚ್ಚು ನೋಯಿಸಿತ್ತು.

ಉತ್ತರ 2

ಲೋ ವಿಷನ್ ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತೇನೆ: ವಿಟಮಿನ್ ಎ ಮಾತ್ರೆ ಖಂಡಿತ ಬೇಡ. ಈ ಕಾಯಿಲೆಗೆ ಸಾಮಾನ್ಯವಾಗಿ ಕಾರಣವಾಗುವ ಎಬಿಸಿಎ4 ಜೀನಿನ ದೋಷದಿಂದಾಗಿ, ನೋಡುವ ಕ್ರಿಯೆಯಲ್ಲಿ ಬಳಕೆಯಾದ ವಿಟಮಿನ್ ಎ ಸರಿಯಾಗಿ ತೆರವಾಗದೆ, ಅದರಿಂದಾದ ತ್ಯಾಜ್ಯ ಕಣ್ಣಿನೊಳಗೆ ಶೇಖರವಾಗಿ ದೃಷ್ಟಿಕೋಶಗಳನ್ನು ಕೊಲ್ಲುತ್ತದೆ. ಊಟದಲ್ಲಿ ಸಹಜವಾಗಿ ಬರುವ ಸೊಪ್ಪು, ಕ್ಯಾರೆಟ್ ಬಿಡಬೇಕಿಲ್ಲ. ಬಿಸಿಲಿಗೆ ತಂಪು ಕನ್ನಡಕ, ಟೋಪಿ ಇರಲಿ.

ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ ಈ ಬಗೆಯ ಕಾಯಿಲೆ ಕಾಣಿಸಿಕೊಳ್ಳುತ್ತದೆ. ರಕ್ತಸಂಬಂಧದಲ್ಲಿ ಆ ಸಾಧ್ಯತೆ ಹೆಚ್ಚು ನಿಜ. ಆದರೆ ಯಾವ ನಂಟೂ ಇಲ್ಲದ ದಂಪತಿಗಳ ಮಕ್ಕಳನ್ನೂ ನಾವು ನೋಡುತ್ತೇವೆ. ನಿಮ್ಮ ಮಗನಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವನ ಜೀನ್ ಪರೀಕ್ಷೆ ಮಾಡಿಸುವ ಮೊದಲು ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಜೊತೆ ಮಾತನಾಡಿ. ಎಸ್‌ಎಸ್‌ಎಲ್‌ಸಿ ಹತ್ತಿರವಿರುವುದರಿಂದ ಯುಡಿಐಡಿ ಕಾರ್ಡಿಗೆ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ತಡಮಾಡದೆ ಅರ್ಜಿ ಹಾಕಿ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂದು ದೃಢಪಟ್ಟರೆ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ಅನುಕೂಲಗಳನ್ನು ಕೇಳಬಹುದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಎಲ್ಲಿ ನೋಡಿದರೆ ನನ್ನ ಮುಖ ಚೆನ್ನಾಗಿ ಕಾಣುತ್ತದೆ ಎಂದು ನಿನ್ನೆ ರಾತ್ರಿ ಮಗಳನ್ನು ಕೇಳಿದೆ. ಬಲಗಿವಿಯ ಓಲೆಗಿಂತ ಸ್ವಲ್ಪ ಆಚೆಗೆ ಎಂದಳು. ಸೋಮವಾರ ಅವಳ ತರಗತಿಯ ಶಿಕ್ಷಕಿಯನ್ನು ಭೇಟಿಯಾಗುತ್ತೇನೆ.